ನನ್ನ ಹಲ್ಲಿನ ತಂತಿ, ಅತ್ತೆಯ ಹೊಗೆಸೊಪ್ಪು

ನಾನು ಸಾರಿಗೆ ಖಾರ ಕಡಿಮೆ ಹಾಕತೊಡಗಿದ್ದನ್ನು ಮೊದಲು ಗಮನಿಸಿದವರು ನಮ್ಮ ಅತ್ತೆ.

"ಯಾಕಮ್ಮಿ ಬಾಗ್ಯ, ಮೆಣಸಿನಕಾಯಿ ಮುಗುದೋದ್ವಾ?" ಎಂದು ಒಂದು ಮಧ್ಯಾಹ್ನ ಮುದ್ದೆಯನ್ನು ಹುರುಳಿ ಸಾರಿನಲ್ಲಿ ಅದ್ದುತ್ತಾ ಕೇಳಿದರು. ಉಷ್ಣ ಜಾಸ್ತಿಯಾಗಿದೆ ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಸುಮ್ಮನಾದರು.

ಉಷ್ಣವಲ್ಲವೆಂದು ನನಗೆ ಗೊತ್ತಿತ್ತು. ಮೇಲಿನ ಹಲ್ಲುಗಳ ಹಿಂದೆ, ಅಂಗುಳದಲ್ಲಿ ಒಂದು ಹುಣ್ಣಾಗಿ ಎರಡು ತಿಂಗಳು ಕಳೆದಿತ್ತು. ಬಿಸಿ ತಾಗಿದರೆ ಉರಿ, ಖಾರ ತಾಗಿದರೆ ಕಣ್ಣಲ್ಲಿ ನೀರು. ಕೆಲವು ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರಿನಲ್ಲಿ ಕೆಂಪು ಎಳೆ ಕಾಣುತ್ತಿತ್ತು. ಆ ನೀರಿನ ಮೇಲೆ ಬೇಗ ಇನ್ನೊಂದು ಚೊಂಬು ಸುರಿದು ಒಳಗೆ ಬರುತ್ತಿದ್ದೆ.

ಯಾರಿಗೂ ಹೇಳದಿರಲು ಕಾರಣ ನಮ್ಮ ಚಿಕ್ಕಪ್ಪ. ನಾನು ಹದಿನೈದು ವರ್ಷದವಳಿದ್ದಾಗ ಅವರ ಕೆನ್ನೆಯೊಳಗೆ ಒಂದು ಹುಣ್ಣು ಎದ್ದಿತು. ಹೊಗೆಸೊಪ್ಪು ಹಾಕುವವರು, ಇವತ್ತು ಆರುತ್ತದೆ ನಾಳೆ ಆರುತ್ತದೆ ಎಂದು ಬಹಳ ದಿನ ಕಾದರು. ಕೊನೆಗೆ ಅವರಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಅವರ ಬಾಯಿ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಬಟ್ಟೆಯ ವಾಸನೆ ನನಗೆ ಇವತ್ತಿಗೂ ನೆನಪಿದೆ. ನಾನು ಹೊಗೆಸೊಪ್ಪು ಮುಟ್ಟಿದವಳಲ್ಲ. ಆದರೆ ಭಯ ಅದನ್ನೆಲ್ಲ ಕೇಳುವುದಿಲ್ಲ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಊರು ತಿಗನಾರೆ. ತಾಳವಾಡಿ ಪೇಟೆಯಲ್ಲಿ ಒಂದು ಹೊಲಿಗೆ ಮೆಷಿನ್ ಹಿಡಿಯುವಷ್ಟೇ ಜಾಗದ ಅಂಗಡಿ ಇಟ್ಟುಕೊಂಡು ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಗಂಡ ಕುಮಾರ ಇರುವ ಚೂರು ಹೊಲದಲ್ಲಿ ರಾಗಿ ಬೆಳೆಯುತ್ತಾರೆ, ಉಳಿದ ದಿನ ಕೂಲಿಗೆ ಹೋಗುತ್ತಾರೆ. ಮಗಳು ಕಾವ್ಯ ಒಂಬತ್ತನೇ ಕ್ಲಾಸು. ಅತ್ತೆ ರಾಚಮ್ಮನವರಿಗೆ ಅರವತ್ತು ದಾಟಿದೆ, ಈಗಲೂ ಕಳೆ ಕೀಳಲು ಹೋಗುತ್ತಾರೆ.

ಇನ್ನು ನನ್ನ ಹಲ್ಲು. ಮೇಲಿನ ಮುಂದಿನ ಹಲ್ಲುಗಳು ಚಿಕ್ಕಂದಿನಿಂದ ಮುಂದಕ್ಕೆ ಚಾಚಿಕೊಂಡಿದ್ದವು, ನಡುನಡುವೆ ಸಂದು. ಬಾಯಿ ಮುಚ್ಚಿ ಕಚ್ಚಿದರೆ ಕೆಳಗಿನ ಹಲ್ಲು ಒಂದೂ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು ಮೊಲ ಎಂದು ಕರೆಯುತ್ತಿದ್ದರು. ಮದುವೆಯ ಫೋಟೋಗಳಲ್ಲಿ ನಾನು ಎಲ್ಲಿಯೂ ನಕ್ಕಿಲ್ಲ. ನಗು ಬಂದರೆ ಸೆರಗು ತಾನಾಗಿಯೇ ಬಾಯಿಗೆ ಬರುತ್ತಿತ್ತು, ಅದು ಅಭ್ಯಾಸವೆಂದು ಕೂಡ ನನಗೆ ಅನ್ನಿಸಿರಲಿಲ್ಲ.

ಅತ್ತೆ ಸುಮ್ಮನಿದ್ದದ್ದು ಒಂದು ವಾರ. ಮೊದಲು ಸೀಬೆ ಚಿಗುರು ತಂದುಕೊಟ್ಟು ಅಗಿಯಲು ಹೇಳಿದರು. ಆಮೇಲೆ ತೆಂಗಿನಕಾಯಿ ಹಾಲು, ಆಮೇಲೆ ಬಸಳೆ ಸೊಪ್ಪು. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಬಾಯಿ ಮುಕ್ಕಳಿಸುವಾಗ ಹಿಂದೆಯೇ ಬಂದು ನಿಂತಿದ್ದರು. ಇನ್ನೊಂದು ಚೊಂಬು ಸುರಿಯುವಷ್ಟರಲ್ಲಿ ಕೈ ಹಿಡಿದರು.

"ಬಾಯಿ ತಗಿ."

"ಏನಿಲ್ಲ ಅತ್ತೆ."

"ತಗಿ ಅಂದೆ."

ಬಿಸಿಲಿಗೆ ನನ್ನ ಗದ್ದ ಎತ್ತಿ ನೋಡಿದರು. ತುಂಬಾ ಹೊತ್ತು ನೋಡಿದರು. ಅವರ ಬಾಯಿಯ ಎಲೆ ಅಡಿಕೆಯ ಘಮ ನನ್ನ ಮುಖಕ್ಕೆ ಬಡಿಯುತ್ತಿತ್ತು. ಕೊನೆಗೆ ನನ್ನ ಗದ್ದ ಬಿಟ್ಟು, "ನಾಳೀಕೆ ಆಸ್ಪತ್ರೆ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ತಾಳವಾಡಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ತಮಿಳಿನಲ್ಲಿ "ಪಲ್ಲು ಕುತ್ತುದಮ್ಮಾ" ಎಂದರು. ಹಲ್ಲು ಚುಚ್ಚುತ್ತಿದೆ, ತಡಮಾಡದೆ ಹಲ್ಲಿನ ಡಾಕ್ಟರಿಗೆ ತೋರಿಸು ಎಂದು ಚೀಟಿ ಬರೆದುಕೊಟ್ಟರು. ಹಲ್ಲು ತನ್ನ ಬಾಯಿಯನ್ನೇ ಚುಚ್ಚುವುದು ಎಂದರೇನು? ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದುಕೊಂಡೆ.

ಆ ವಾರ ಆನೆಗಳು ನಮ್ಮ ಹೊಲದ ಅಂಚಿನವರೆಗೂ ಬಂದು ಹೋಗುತ್ತಿದ್ದವು, ಕುಮಾರ ಕಾವಲು ಬಿಟ್ಟು ಬರುವ ಹಾಗಿರಲಿಲ್ಲ. "ನಾನು ಓಯ್ತೀನಿ ಇವಳ ಜೊತೆ, ನೀ ರಾಗಿ ನೋಡ್ಕೊ ಕಣ್ಲಾ" ಎಂದು ಅತ್ತೆ ಮಗನಿಗೆ ಹೇಳಿ, ಮದುವೆಗೆ ಉಡುವ ಸೀರೆ ಉಟ್ಟು ಹೊರಟರು. ಚಾಮರಾಜನಗರದ ಬಸ್ಸಿನಲ್ಲಿ ಇಡೀ ದಾರಿ ಹೊಲಗಳನ್ನು ನೋಡುತ್ತಾ, ಯಾರ ಜೋಳ ಚೆನ್ನಾಗಿ ಬಂದಿದೆ, ಯಾರು ಕಳೆ ಕಿತ್ತಿಲ್ಲ ಎಂದು ಹೇಳುತ್ತಲೇ ಇದ್ದರು. ನನಗೆ ಯೋಚಿಸಲು ಪುರುಸೊತ್ತು ಕೊಡಬಾರದೆಂದು ಹಾಗೆ ಮಾಡಿದರೆಂದು ಈಗ ಅನ್ನಿಸುತ್ತದೆ.

ಹಲ್ಲಿನ ಆಸ್ಪತ್ರೆ ಮೆಟ್ಟಿಲು ಹತ್ತಿ ಹೋಗುವ ಮಹಡಿಯಲ್ಲಿತ್ತು. ಕಾಯುವ ಕೋಣೆಯಲ್ಲಿ ಕೆನ್ನೆ ಹಿಡಿದುಕೊಂಡ ಒಬ್ಬ ಗಂಡಸು, ತಂತಿ ಹಾಕಿಸಿಕೊಂಡ ಇಬ್ಬರು ಕಾಲೇಜು ಹುಡುಗಿಯರು. ಗೋಡೆಯ ಮೇಲೆ ನಗುವ ಬಾಯಿಗಳ ದೊಡ್ಡ ಚಿತ್ರ. ಒಳಗಿನಿಂದ ಮೆಷಿನ್ನಿನ ಸದ್ದು ಕೇಳಿದಾಗಲೆಲ್ಲ ಆ ಗಂಡಸು ಕಣ್ಣು ಮುಚ್ಚುತ್ತಿದ್ದ. ಅತ್ತೆ ಎರಡು ಸಲ ಹೊರಗೆ ಹೋಗಿ ಹೊಗೆಸೊಪ್ಪು ಹಾಕಿಕೊಂಡು, ಉಗಿದು ಬಂದರು. ನನಗೆ ಚಿಕ್ಕಪ್ಪನ ಬಟ್ಟೆಯೇ ನೆನಪಾಗುತ್ತಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ ನೋಡಿದವರು ಮೊದಲು ಕೇಳಿದ್ದು ಹುಣ್ಣಿನ ಬಗ್ಗೆ ಅಲ್ಲ.

"ಟೈಲರ್ ಕೆಲಸ ಮಾಡ್ತೀರಾ?"

ನನಗೆ ಗಾಬರಿಯಾಯಿತು. ಅವರು ಕನ್ನಡಿ ಹಿಡಿದು ತೋರಿಸಿದರು. ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ಹದಿನಾರು ವರ್ಷ ದಾರವನ್ನು ಅದೇ ಹಲ್ಲಿನಲ್ಲಿ ಕಡಿದು ಕಡಿದು ಆಗಿದ್ದದ್ದು. ಕತ್ತರಿ ಪಕ್ಕದಲ್ಲೇ ಇದ್ದರೂ ಹಲ್ಲೇ ನನಗೆ ಹತ್ತಿರವಾಗಿತ್ತು. ಆಮೇಲೆ ಹಲ್ಲು ಕಚ್ಚಿಸಿ, ತೆಗೆಸಿ, ಮತ್ತೆ ಕಚ್ಚಿಸಿ, ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು. ನನ್ನ ಕೆಳಗಿನ ಹಲ್ಲುಗಳು ಮೇಲಿನವುಗಳ ಹಿಂದೆ ಆಳಕ್ಕೆ ಹೋಗಿ ನೇರವಾಗಿ ಅಂಗುಳಕ್ಕೆ ತಾಗುತ್ತಿದ್ದವು. ಅಂಗುಳದಲ್ಲಿ ಆ ಹಲ್ಲುಗಳ ಅಚ್ಚೇ ಬಿದ್ದಿತ್ತು. ಪ್ರತಿ ತುತ್ತಿಗೂ ನಾನೇ ಆ ಗಾಯವನ್ನು ಚುಚ್ಚಿಕೊಳ್ಳುತ್ತಿದ್ದೆ.

"ಕ್ಯಾನ್ಸರಾ ಮೇಡಂ?" ಎಂದೆ. ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನನಗೆ ಹಾಗೆ ಕಾಣ್ತಾ ಇಲ್ಲಮ್ಮ. ಹಲ್ಲು ತಾಗೋದು ನಿಂತರೆ ಇದು ಆರಬೇಕು. ಆರದೇ ಇದ್ದರೆ ಆಗ ಪರೀಕ್ಷೆ ಮಾಡೋಣ. ಆದರೆ ಹಲ್ಲು ಸರಿ ಮಾಡಲೇಬೇಕು. ಕ್ಲಿಪ್ ಹಾಕಬೇಕಾಗುತ್ತೆ."

ನಾನು ಅತ್ತುಬಿಟ್ಟೆ. ಕುರ್ಚಿಯಲ್ಲಿ ಮಲಗಿಕೊಂಡೇ ಅತ್ತಿದ್ದರಿಂದ ಕಣ್ಣೀರು ಕಿವಿಯೊಳಗೆ ಹೋಯಿತು. ಅತ್ತೆ ನನ್ನ ಕಾಲ ಬಳಿ ನಿಂತಿದ್ದರು, ಕೈ ಸಿಕ್ಕದೆ ನನ್ನ ಪಾದವನ್ನೇ ಹಿಡಿದುಕೊಂಡರು. "ಮಾದಪ್ಪ ಕಾಪಾಡ್ದ ಕಣಮ್ಮಿ" ಎಂದರು.

ಅವರು ಮಾತಾಡಿದಾಗ ಡಾಕ್ಟರಮ್ಮನ ಕಣ್ಣು ಅವರ ಬಾಯಿಯ ಮೇಲೆ ಬಿತ್ತು.

"ಅಜ್ಜಿ, ಬಂದಿದ್ದೀರಲ್ಲ, ನೀವೂ ಒಂದು ಸಲ ತೋರಿಸಿಬಿಡಿ."

"ನಂಗೇನಾಗದೆ? ನಾನು ಇವಳ ಜೊತೇಲಿ ಬಂದೋಳು."

"ಸುಮ್ಮನೆ ನೋಡ್ತೀನಿ."

ನಾನು ಇಳಿದೆ, ಅತ್ತೆ ಹತ್ತಿದರು. ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋಗುವವರ ಹಾಗೆ ಹತ್ತಿದರು. ಡಾಕ್ಟರಮ್ಮ ಅವರ ಎಡಗೆನ್ನೆಯನ್ನು ಎಳೆದು, ಒಳಗೆ ಹತ್ತಿಬಟ್ಟೆಯಿಂದ ಒರೆಸಿದರು. ಮತ್ತೆ ಒರೆಸಿದರು. ನನ್ನನ್ನು ಕರೆದು ತೋರಿಸಿದರು. ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗದಲ್ಲಿಯೇ ಹಾಲಿನ ಕೆನೆ ಅಂಟಿದ ಹಾಗೆ ಒಂದು ಬಿಳಿ ಮಚ್ಚೆ. ಒರೆಸಿದರೆ ಹೋಗುತ್ತಿರಲಿಲ್ಲ. ನೋವಿಲ್ಲ, ಉರಿಯಿಲ್ಲ, ಅದಕ್ಕೇ ಅವರಿಗೆ ಗೊತ್ತೇ ಆಗಿರಲಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಮೈಸೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಹೊಗೆಸೊಪ್ಪು ಇವತ್ತಿನಿಂದಲೇ ನಿಲ್ಲಬೇಕು ಎಂದರು.

ವಾಪಸು ಬಸ್ಸಿನಲ್ಲಿ ಅತ್ತೆ ಯಾರ ಹೊಲವನ್ನೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಇಬ್ಬರೂ ಹಟ ಹಿಡಿದೆವು. ಕ್ಯಾನ್ಸರಲ್ಲ ಎಂದು ಗೊತ್ತಾದ ಕೂಡಲೇ ನನಗೆ ನಾಚಿಕೆ ಶುರುವಾಯಿತು. ಮೂವತ್ತಾರು ವರ್ಷಕ್ಕೆ ಹಲ್ಲಿಗೆ ಕ್ಲಿಪ್ಪೇ? ಅಂಗಡಿಗೆ ಬರುವ ಹೆಂಗಸರು ಏನಂದುಕೊಳ್ಳುತ್ತಾರೆ? ಒಂದೇ ಕಡೆ ಅಗಿದು ತಿಂದರೆ ಸಾಕು, ಹುಣ್ಣು ತಾನಾಗಿ ಆರುತ್ತದೆ ಎಂದೆ. ಅತ್ತೆ ತಮ್ಮ ಪಾಲಿಗೆ, "ನಲವತ್ತು ವರ್ಸದಿಂದ ಆಕ್ತಾ ಇವ್ನಿ. ಏನೂ ಆಗ್ದಿದ್ದು ಈಗ ಆದದಾ? ಕೊಯ್ಯೋದು ಗಿಯ್ಯೋದು ಬೇಡ ಬುಡು" ಎಂದರು.

ಕುಮಾರ ಇಬ್ಬರ ಮಾತನ್ನೂ ಕೇಳುತ್ತಾ ಜಗಲಿಯ ಮೇಲೆ ಕೂತಿದ್ದರು. "ಇಬ್ರೂ ಒಂದೇ ಜಾತಿ ಕತ್ತೆಗೋಳು ಕಣವ್ವ" ಎಂದು ಅವ್ವನಿಗೆ ಹೇಳಿ ಎದ್ದುಹೋದರು.

ಅತ್ತೆಗೆ ನಗು ಬಂತು. ನನಗೂ ಬಂತು, ಸೆರಗು ಬಾಯಿಗೆ ಬಂತು. ನಗುತ್ತಿದ್ದ ಅತ್ತೆ ತಟ್ಟನೆ ನಗು ನಿಲ್ಲಿಸಿ ಹೇಳಿದರು.

"ನೀ ತಂತಿ ಆಕ್ಸುದ್ರೆ ನಾ ಮೈಸೂರ್ಗೆ ಬತ್ತೀನಿ."

"ನೀವು ಹೊಗೆಸೊಪ್ಪು ಬಿಟ್ಟರೆ ನಾನು ದಾರ ಕಚ್ಚೋದು ಬಿಡ್ತೀನಿ."

"ಮಾತು?"

"ಮಾತು."

ಮೈಸೂರಿನಲ್ಲಿ ಚೂರು ತೆಗೆದದ್ದು ಸ್ವಲ್ಪ ಹೊತ್ತಿನ ಕೆಲಸ. ಹೊಲಿಗೆ ಹಾಕಿದ್ದರು. ಹೊರಗೆ ಬಂದ ಅತ್ತೆ ಕೆನ್ನೆ ಉಬ್ಬಿಸಿಕೊಂಡು, "ನಿನ್ನಷ್ಟು ಚೆಂದಾಗಿ ಒಲಿದಿಲ್ಲ" ಎಂದು ತೊದಲಿದರು. ರಿಪೋರ್ಟು ಬರಲು ಕೆಲವು ದಿನ ಬೇಕಿತ್ತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅತ್ತೆ ಎಂದಿನಂತೆ ಕೆಲಸಕ್ಕೆ ಹೋದರು, ನಾನು ಅಂಗಡಿಗೆ ಹೋದೆ. ಒಬ್ಬರ ರವಿಕೆಯ ಎರಡು ತೋಳನ್ನೂ ಎಡಗಡೆಯದಾಗಿಯೇ ಕತ್ತರಿಸಿಬಿಟ್ಟೆ. ಕಾವ್ಯ ಕೇಳದೆಯೇ ಪಾತ್ರೆ ತೊಳೆಯುತ್ತಿದ್ದಳು.

ರಿಪೋರ್ಟು ತೆಗೆದುಕೊಂಡು ಡಾಕ್ಟರಮ್ಮನ ಬಳಿಗೇ ಹೋದೆವು. ಓದಿ ಮುಗಿಸಿ, ಕಾಗದವನ್ನು ಮೇಜಿನ ಮೇಲಿಟ್ಟು, "ಅಜ್ಜಿ, ಈಗ ಕ್ಯಾನ್ಸರ್ ಇಲ್ಲ" ಎಂದರು. ಅತ್ತೆ ಕೈ ಮುಗಿದರು. "ಪೂರ್ತಿ ಕೇಳಿ. ಈಗ ಇಲ್ಲ ಅಂದೆ. ಹೊಗೆಸೊಪ್ಪು ಹಾಕ್ತಾ ಹೋದರೆ ಇದು ಆ ಕಡೆ ತಿರುಗಬಹುದು. ಮೂರು ತಿಂಗಳಿಗೊಂದು ಸಲ ಬಂದು ತೋರಿಸಬೇಕು." ಅತ್ತೆ ಮುಗಿದ ಕೈಯನ್ನು ಕೆಳಗಿಳಿಸಲಿಲ್ಲ.

ಅದೇ ದಿನ ನನ್ನ ಹಲ್ಲಿಗೆ ಕೆಲಸ ಶುರುವಾಯಿತು. ಮೊದಲು ವಸಡು ಕ್ಲೀನ್ ಮಾಡಿದರು, ಎರಡು ವಾರ ಬಿಟ್ಟು ಕ್ಲಿಪ್ ಹಾಕಿದರು. ಕೆಳಗಿನ ಹಲ್ಲು ಅಂಗುಳಕ್ಕೆ ತಾಗದಂತೆ ಹಿಂದಿನ ಎರಡು ದವಡೆ ಹಲ್ಲುಗಳ ಮೇಲೆ ನೀಲಿ ಬಣ್ಣದ ಸಿಮೆಂಟಿನ ಗುಡ್ಡೆ ಕಟ್ಟಿದರು. ಬಾಯಿ ಮುಚ್ಚಿದರೆ ಆ ಗುಡ್ಡೆಗಳಷ್ಟೇ ಎದುರಿನ ಹಲ್ಲಿಗೆ ತಾಗುತ್ತಿದ್ದವು. ಅಗಿಯುವುದು ಹೇಗೆಂದೇ ಮರೆತುಹೋಯಿತು. ದೋಸೆಯೂ ಹಲ್ಲಿಗೆ ಸಿಗುತ್ತಿರಲಿಲ್ಲ.

ಆಗ ಕೈಹಿಡಿದದ್ದು ಮುದ್ದೆ. ಮುದ್ದೆಯನ್ನು ಅಗಿಯುವವರುಂಟೇ? ಅತ್ತೆ ಆ ತಿಂಗಳು ದಿನಾಲೂ ಬೆಳಿಗ್ಗೆ ಬೇಗನೆ ಎದ್ದು ಬೆಣ್ಣೆಯ ಹಾಗೆ ಮೃದುವಾದ ಮುದ್ದೆ ಕಟ್ಟಿ, ಸೊಪ್ಪನ್ನು ಮಸೆದು ಸಾರು ಮಾಡಿ, ಡಬ್ಬಿಗೆ ಹಾಕಿಕೊಡುತ್ತಿದ್ದರು. "ನುಂಗು ಮಗ, ಅಲ್ಲಿನ ಅಂಗೇ ಬ್ಯಾಡ" ಎನ್ನುತ್ತಿದ್ದರು, ಮುದ್ದೆಗೆ ಹಲ್ಲಿನ ಹಂಗಿಲ್ಲವೆಂದು. ಸಾರಿಗೆ ಖಾರವನ್ನು ಅವರೇ ಕಡಿಮೆ ಹಾಕಿರುತ್ತಿದ್ದರು.

ಮೊದಲ ವಾರ ತುಟಿಯೊಳಗೆಲ್ಲ ಗೀರಿ ಗಾಯವಾಯಿತು. ಚುಚ್ಚುವ ಕಡೆ ಅಂಟಿಸಲು ಮೇಣ ಕೊಟ್ಟಿದ್ದರು. ತಂತಿ ಬಿಗಿ ಮಾಡಿಸಿಕೊಂಡು ಬಂದ ಮೇಲೆ ಎರಡು ದಿನ ತಲೆಯೆಲ್ಲ ಜಗ್ಗುತ್ತಿತ್ತು. ತಿಂದಾಗಲೆಲ್ಲ ಹಲ್ಲುಜ್ಜಬೇಕು, ತಂತಿಯ ಸಂದಿಗೆ ಬೇರೆ ಸಣ್ಣ ಬ್ರಷ್ಷು ಹಾಕಬೇಕು. ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ನಿಂತು ಉಜ್ಜುವಾಗ ಪಕ್ಕದ ಹೂವಿನಂಗಡಿಯವರು, "ಏನಮ್ಮ, ಮತ್ತೆ ಬೆಳಗಾಯ್ತಾ?" ಎಂದು ಕೇಳುತ್ತಿದ್ದರು. ಹೆಂಗಸರು ನನ್ನ ಬಾಯಿ ನೋಡಿ ಮಾತು ನಿಲ್ಲಿಸುತ್ತಿದ್ದರು. ಒಬ್ಬರು ಮಾತ್ರ, "ಮಗಳಿಗೆ ಹಾಕೋದು ಬಿಟ್ಟು ನಿನಗೇ ಹಾಕಿಬಿಟ್ರಾ?" ಎಂದು ನೇರವಾಗಿ ಕೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಿಂದಿನಿಂದ ಆಡುವುದಕ್ಕಿಂತ ಅದು ಎಷ್ಟೋ ವಾಸಿಯೆನಿಸಿತು.

ಎರಡನೇ ತಿಂಗಳು, ಒಂದು ಬೆಳಿಗ್ಗೆ, ಬಿಸಿ ಕಾಫಿ ಕುಡಿದು ಮುಗಿಸಿದ ಮೇಲೆ ನನಗೆ ಹೊಳೆಯಿತು, ಉರಿ ಇಲ್ಲ. ನಾಲಿಗೆಯಿಂದ ಅಂಗುಳ ಮುಟ್ಟಿ ನೋಡಿದೆ. ನುಣುಪಾಗಿತ್ತು. ಕಾವ್ಯ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಇಲ್ಲಮ್ಮ, ಏನೂ ಇಲ್ಲ, ಗುಲಾಬಿ ಬಣ್ಣ ಇದೆ" ಎಂದಳು. ಇನ್ನೊಂದು ಲೋಟ ಬಿಸಿ ಕಾಫಿ ಬಗ್ಗಿಸಿಕೊಂಡೆ.

ನನ್ನದು ಹೀಗೆ ಆರಿತು. ಅತ್ತೆಯ ಕೆಲಸ ನನ್ನದಕ್ಕಿಂತ ಕಷ್ಟದ್ದಾಗಿತ್ತು. ನನ್ನ ತಂತಿಯನ್ನು ಡಾಕ್ಟರು ಅಂಟಿಸಿದ್ದರು, ನಾನು ಬೇಡವೆಂದರೂ ಅದು ಬರುವಂತಿರಲಿಲ್ಲ. ಅವರು ದಿನಾ ಬೆಳಿಗ್ಗೆ ಎದ್ದು ಮತ್ತೆ ಹೊಸದಾಗಿ ಬಿಡಬೇಕಿತ್ತು. ಕಳೆ ಕೀಳುವಲ್ಲಿ ಹೆಂಗಸರು ದಣಿವಾರಿಸಿಕೊಳ್ಳಲು ಕೂತಾಗ ಎಲೆ ಅಡಿಕೆ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಅದನ್ನು ಬೇಡವೆನ್ನುವುದೆಂದರೆ ಆ ಗುಂಪಿನಿಂದ ಎದ್ದುಹೋದ ಹಾಗೆ. ಅತ್ತೆಗೆ ತಲೆನೋವು ಬಂತು, ಯಾರನ್ನು ಕಂಡರೂ ರೇಗುತ್ತಿದ್ದರು. ಸೆರಗಿನ ತುದಿಗೆ ಸೋಂಪು ಕಟ್ಟಿಕೊಟ್ಟೆ. "ಇದೇನು ಬಾಯಿಗೆ ಆಗ್ದು ಮೂಗಿಗೂ ಆಗ್ದು" ಎಂದು ಬೈಯುತ್ತಲೇ ಅಗಿದರು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೂರಿಸಿ ಅವರ ಕೆನ್ನೆಯೊಳಗೆ ಟಾರ್ಚು ಬಿಟ್ಟು ನಾನು ನೋಡುವುದು, ಆಮೇಲೆ ನನ್ನ ತಂತಿಯಲ್ಲಿ ಸೊಪ್ಪು ಸಿಕ್ಕಿದೆಯೇ ಎಂದು ಅವರು ನೋಡುವುದು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ನಾಲ್ಕನೇ ತಿಂಗಳು ಶಾಲೆ ತೆರೆಯುವ ಕಾಲ. ರಾಶಿ ಯೂನಿಫಾರಂ. ಅವಸರದಲ್ಲಿ ಒಂದು ಗುಂಡಿ ಹೊಲಿದು, ಯೋಚನೆಯೇ ಇಲ್ಲದೆ ದಾರವನ್ನು ಬಾಯಿಗೆ ಕೊಟ್ಟು ಎಳೆದೆ. ಟಕ್ಕೆಂದಿತು. ಮುಂದಿನ ಹಲ್ಲಿನ ಕ್ಲಿಪ್ ಕಳಚಿ ತಂತಿಯಲ್ಲಿ ನೇತಾಡುತ್ತಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳುವುದೆಂದು ಯೋಚಿಸಿದೆ. ಹಿತ್ತಲಿಗೆ ಹೋದರೆ ಅತ್ತೆ ಅವರೆ ಬಳ್ಳಿಯ ಹಿಂದೆ ಬೆನ್ನು ತಿರುಗಿಸಿ ಕೂತಿದ್ದಾರೆ. ಘಮ ಬಂತು. ನನ್ನ ಹೆಜ್ಜೆ ಕೇಳಿ ಗಾಬರಿಯಿಂದ ಉಗಿದರು.

ನಾನು ಬಾಯಿ ತೆರೆದು ನೇತಾಡುವ ಕ್ಲಿಪ್ ತೋರಿಸಿದೆ.

"ದಾರ ಕಚ್ಚುದ್ಯಾ?"

"ಹೂಂ. ನೀವು?"

"ಇದು ಎರಡ್ನೇ ದಪ" ಎಂದರು. ಆಮೇಲೆ ತಲೆ ತಗ್ಗಿಸಿ, "ಮೂರ್ನೇ ದಪ" ಎಂದು ತಿದ್ದಿಕೊಂಡರು. "ನಿಂಗೆ ಏಳೋಕೆ ಬಾಯೇ ಬರ್ನಿಲ್ಲ ಕಣಮ್ಮಿ. ನೀನು ಅಷ್ಟೊಂದು ನೋವು ತಿಂತಿದ್ದೆ."

ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಬೈಯಲು ನನಗೆ ಮುಖವಿರಲಿಲ್ಲ, ಮನಸ್ಸೂ ಇರಲಿಲ್ಲ. ಮರುದಿನ ಇಬ್ಬರೂ ಬಸ್ಸು ಹತ್ತಿ ಹೋಗಿ ಡಾಕ್ಟರಮ್ಮನ ಎದುರು ತಪ್ಪೊಪ್ಪಿಕೊಂಡೆವು. ಅವರು ಬೈಯಲಿಲ್ಲ. ಕ್ಲಿಪ್ ಮತ್ತೆ ಅಂಟಿಸಿದರು. ಅತ್ತೆಗೆ, "ಮೂರು ಸಲ ಹಾಕಿದ್ದನ್ನು ಲೆಕ್ಕ ಇಟ್ಟಿದ್ದೀರಿ. ಹಾಕದ ದಿನಗಳನ್ನೂ ನೆನೆಸಿಕೊಳ್ಳಿ" ಎಂದರು. ಆಮೇಲೆ ಅತ್ತೆ ಮತ್ತೆ ಹಾಕಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಅವರು ಮಾಡಿದ ಸಾರಿನಲ್ಲಿ ಉಪ್ಪು ಕಡಿಮೆಯಾಗತೊಡಗಿತು. ನಾಲಿಗೆಗೆ ರುಚಿ ಮರಳಿ ಬಂದಿದೆ ಎಂದು ಅವರೇ ಆಶ್ಚರ್ಯಪಟ್ಟು ಹೇಳಿದರು.

ನನ್ನ ತಂತಿ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಇತ್ತು. ತೆಗೆದ ದಿನ ನಾಲಿಗೆ ಹಲ್ಲಿನ ಮೇಲೆ ಜಾರುತ್ತಿತ್ತು, ಬೇರೆ ಯಾರದೋ ಬಾಯಿ ಎನ್ನಿಸಿತು. ಸಂದುಗಳು ಮುಚ್ಚಿದ್ದವು. ಕೆಳಗಿನ ಹಲ್ಲು ಕಾಣುತ್ತಿತ್ತು. ಮುಂದಿನ ಹಲ್ಲಿನ ಕಚ್ಚನ್ನು ಡಾಕ್ಟರಮ್ಮ ತುಂಬಿ ನುಣುಪು ಮಾಡಿದರು. ಹಲ್ಲು ಹಳೆ ಜಾಗಕ್ಕೆ ಹಿಂತಿರುಗದಿರಲೆಂದು ಮಲಗುವಾಗ ಹಾಕಿಕೊಳ್ಳಲು ಒಂದು ಪ್ಲೇಟು ಕೊಟ್ಟಿದ್ದಾರೆ, ಅದನ್ನು ತಪ್ಪಿಸುವುದಿಲ್ಲ. ಅತ್ತೆಯ ಮಚ್ಚೆ ಪೂರ್ತಿ ಹೋಗಿಲ್ಲ. ತೆಳ್ಳಗಾಗಿದೆ, ಅಂಚು ಮಸುಕಾಗಿದೆ. ತೋರಿಸುವುದು ನಡೆದೇ ಇದೆ. ಪ್ರತಿ ಸಲ ಅವರು ಆ ಕುರ್ಚಿ ಹತ್ತುವಾಗ ನಾನು ಅವರ ಕಾಲ ಬಳಿ ಪಾದ ಹಿಡಿದು ನಿಲ್ಲುತ್ತೇನೆ. ಇದರ ಜೊತೆ ಬದುಕುವುದು ಎಂದರೆ ಇಷ್ಟೇ ಎಂದು ಈಗ ಗೊತ್ತಾಗಿದೆ.

ಇದನ್ನು ಬರೆಯಲು ಕಾರಣವೂ ಅತ್ತೆಯೇ. ಈಗ ಕಳೆ ಕೀಳುವಲ್ಲಿ ಎಲೆ ಅಡಿಕೆ ಚೀಲ ಬಂದಾಗ ಅವರು ಎದ್ದುಹೋಗುವುದಿಲ್ಲ, ಕೂತು ಎಲ್ಲರ ಬಾಯಿ ತೆಗೆಸುತ್ತಾರಂತೆ. ಕಳೆದ ವಾರ ಅವರ ಗುಂಪಿನ ನಾಲ್ಕು ಜನ ಹೆಂಗಸರನ್ನು ಹೊರಡಿಸಿಕೊಂಡು ಬಸ್ಸು ಹತ್ತಿದರು, ನನ್ನನ್ನೂ ಎಳೆದುಕೊಂಡು ಹೋದರು. ಡಾಕ್ಟರಮ್ಮನ ಎದುರು ನಿಂತು, "ಇವರೆಲ್ಲಾರ್ ಬಾಯೂ ನೋಡ್ಬುಡಿ" ಎಂದರು.

ಮೂವರದು ಚೆನ್ನಾಗಿತ್ತು. ನಾಲ್ಕನೆಯವರು ನಮ್ಮ ಹಿಂದಿನ ಬೀದಿಯ ಚಿಕ್ಕತಾಯಮ್ಮ. ಅವರ ಕೆನ್ನೆ ಒರೆಸಿ, ಮತ್ತೆ ಒರೆಸಿ ನೋಡಿದ ಡಾಕ್ಟರಮ್ಮ ಮೈಸೂರಿಗೆ ಚೀಟಿ ಬರೆದರು. ಚಿಕ್ಕತಾಯಮ್ಮ ಕಾಯುವ ಕೋಣೆಯ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳತೊಡಗಿದರು. ಅತ್ತೆ ಅವರ ಪಕ್ಕದಲ್ಲಿ ಕೂತು, ತಮ್ಮ ಕೆನ್ನೆಯನ್ನು ಬೆರಳಿನಿಂದ ಎಳೆದು ತೋರಿಸಿದರು.

"ನೋಡಿಲ್ಲಿ ತಾಯಿ, ನಂಗೆ ಇಲ್ಲೇ ಕೊಯ್ದದ್ದು. ಇರುವೆ ಕಚ್ಚುದಂಗೆ ಆಯ್ತದೆ, ಅಷ್ಟೇಯ. ಒಬ್ಳೇ ಓಗ್ಬೇಡ. ನಾವು ಬತ್ತೀವಿ."

ಬರುವ ಮಂಗಳವಾರ ನಾವು ಮೂವರೂ ಮೈಸೂರಿಗೆ ಹೋಗುತ್ತಿದ್ದೇವೆ. ಅವತ್ತು ಅಂಗಡಿ ಇರುವುದಿಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.